ಮುಖಕ್ಕೆ ಬೆಳಕು: ಕಡಿಮೆ ಖರ್ಚಿನಲ್ಲಿ ಹೊತ್ತೊಯ್ಯುವ ಲೈಟ್ ಆರಿಸುವುದು ಹೇಗೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲ ಹಿಡಿದರೆ ಮನೆಯೊಳಗೆ ಮಧ್ಯಾಹ್ನವೂ ದೀಪ ಹಾಕಬೇಕು. ಹೆಂಚಿನ ಮಾಡು, ಸಣ್ಣ ಕಿಟಕಿ, ಹೊರಗೆ ಮೋಡ. ಇಂಥ ಕಡೆ ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಮುಖ ಮಸುಕಾಗುತ್ತದೆ. ಫ್ಲ್ಯಾಶ್ ಹಾಕಿದರೆ ಹಣೆ ಬೆಳ್ಳಗೆ ಹೊಳೆದು, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಕೂರುತ್ತದೆ. "ಒಂದು ಲೈಟ್ ತಗೊಂಡ್ರೆ ಆಯ್ತು" ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಯಾವ ಲೈಟ್, ಎಷ್ಟು ದುಡ್ಡು, ಯಾಕೆ ಅದೇ ಎಂಬುದನ್ನು ಹೇಳುವವರು ಕಡಿಮೆ. ನಾನು ಕೆಲವು ತಿಂಗಳಿಂದ ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನನಗೆ ಇದು ಬೇಕಾದದ್ದಕ್ಕೆ ಕಾರಣವಿದೆ. ನಮ್ಮ ಮನೆಗಳ ಶಾದಿಯಲ್ಲಿ ಗಂಡಸರ ಕಡೆ ಫೋಟೊಗ್ರಾಫರ್ ಇರುತ್ತಾರೆ. ಹೆಂಗಸರ ಕಡೆಗೆ, ಮೆಹಂದಿಯ ರಾತ್ರಿಗೆ, ಹೊರಗಿನ ಗಂಡಸರು ಬರುವುದು ಹಲವರಿಗೆ ಇಷ್ಟವಿಲ್ಲ. ಹಾಗಾಗಿ ಎಷ್ಟೋ ಮದುವೆಗಳ ಅರ್ಧ ನೆನಪು ಉಳಿಯುವುದೇ ಇಲ್ಲ. ಮಾಮು ತಮ್ಮ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಟ್ಟ ಮೇಲೆ ಖಾಲಾಗಳು, ಅಕ್ಕಪಕ್ಕದ ಬೀದಿಯವರು ನನ್ನನ್ನು ಕರೆಯತೊಡಗಿದರು. ಇನ್ನೊಂದು ಕಾರಣ ನನ್ನ ದಾದಿ. ಅವರು ತೀರಿಕೊಂಡಾಗ ಮನೆಯಲ್ಲಿ ಅವರ ಮುಖ ಸರಿಯಾಗಿ ಕಾಣುವ ಫೋಟೊ ಇದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ನಾನಿ ಇನ್ನೂ ಇದ್ದಾರೆ. ಮೆಹಂದಿ ಹಾಕಿ, ಚಿಕ್ಕ ಮಕ್ಕಳಿಗೆ ಟ್ಯೂಷನ್ ಹೇಳಿ ನಾನು ಕೂಡಿಟ್ಟ ಹಣ 6,000 ರೂಪಾಯಿ. ಅದು ಬೇಡದ ವಸ್ತುವಿಗೆ ಹೋದರೆ ಇನ್ನೊಂದು 6,000 ಸದ್ಯಕ್ಕೆ ಹುಟ್ಟುವುದಿಲ್ಲ.

ಮೊದಲು ಮೂರು ಪಾಠ

ಅಂಗಡಿಗೆ ಹೋಗುವ ಮೊದಲು ಬೆಳಕಿನ ಮೂರು ಗುಣಗಳು ಗೊತ್ತಿರಬೇಕು.

ಒಂದು, ದೂರ. ಲೈಟನ್ನು 1 ಮೀಟರ್‌ನಿಂದ 2 ಮೀಟರ್‌ಗೆ ಸರಿಸಿದರೆ ಮುಖದ ಮೇಲೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. 3 ಮೀಟರ್‌ಗೆ ಹೋದರೆ ಒಂಬತ್ತನೇ ಒಂದು. ವಿಜ್ಞಾನ ವಿಭಾಗದವರು ಇದನ್ನು ವಿಲೋಮ ವರ್ಗ ನಿಯಮ ಎಂದು ಓದಿದ್ದಾರೆ. ನಮ್ಮ ಜೇಬಿಗೆ ಇದರ ಅರ್ಥ ಇಷ್ಟೇ: ಸಣ್ಣ ಲೈಟನ್ನು ಹತ್ತಿರ ತಂದರೆ ದೊಡ್ಡ ಲೈಟ್ ಕೊಳ್ಳಬೇಕಾಗಿಲ್ಲ.

ಎರಡು, ಗಾತ್ರ. ನೆರಳು ಗಡುಸೋ ಮೃದುವೋ ಎಂಬುದು ಲೈಟಿನ ಶಕ್ತಿಯ ಮೇಲೆ ನಿಂತಿಲ್ಲ. ಕೂತವರ ಜಾಗದಿಂದ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ನಿಂತಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದೆ. ನಮ್ಮ ಕಣ್ಣಿಗೆ ಪುಟ್ಟ ಬಿಲ್ಲೆ. ಅದಕ್ಕೇ ಮಧ್ಯಾಹ್ನ ಕೆಳದಿಯ ರಾಮೇಶ್ವರ ದೇವಸ್ಥಾನದ ಅಂಗಳದಲ್ಲಿ ನಿಂತು ತೆಗೆದ ಗ್ರೂಪ್ ಫೋಟೊಗಳಲ್ಲಿ ಎಲ್ಲರ ಕಣ್ಣಿನ ಗುಳಿ ಕಪ್ಪಾಗಿರುತ್ತದೆ. ಮೋಡ ಬಂದರೆ ಆಕಾಶವೇ ದೊಡ್ಡ ದೀಪವಾಗಿ ಮುಖ ಮೃದುವಾಗುತ್ತದೆ. ಅಂಗೈಯಗಲದ ಎಲ್‌ಇಡಿ 2 ಮೀಟರ್ ದೂರದಲ್ಲಿದ್ದರೆ ಸಣ್ಣ ಸೂರ್ಯನಂತೆ ಗಡುಸು. ಅದನ್ನೇ ಒಂದು ಬಿಳಿ ಬಟ್ಟೆಯ ಹಿಂದಿಟ್ಟು 1 ಮೀಟರ್‌ಗೆ ತಂದರೆ ಕಿಟಕಿಯಂತೆ ಮೃದು.

ಮೂರು, ಬಣ್ಣ. ಹಳದಿ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್, ಮಧ್ಯಾಹ್ನದ ಬಿಸಿಲು ಮತ್ತು ಫ್ಲ್ಯಾಶ್ ಸುಮಾರು 5,500 ಕೆಲ್ವಿನ್. ಎರಡೂ ಒಟ್ಟಿಗೆ ಬಿದ್ದರೆ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಮನೆಯ ಬಲ್ಬ್ ಆರಿಸುವುದು ಖರ್ಚಿಲ್ಲದ ಪರಿಹಾರ. ಆರಿಸಲು ಆಗದಿದ್ದರೆ ಫ್ಲ್ಯಾಶಿನ ಮುಂದೆ ತೆಳು ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಹಾಕಿ ಎರಡನ್ನೂ ಹತ್ತಿರ ತರಬಹುದು. ಹೆಗ್ಗೋಡಿನ ನೀನಾಸಮ್‌ನಲ್ಲಿ ನಾಟಕ ನೋಡಿದವರಿಗೆ ರಂಗದ ದೀಪಗಳ ಮುಂದಿನ ಬಣ್ಣದ ಹಾಳೆ ನೆನಪಿರಬಹುದು. ಇದೂ ಅದೇ ವಿದ್ಯೆ.

ಕಾಸಿಲ್ಲದ ಬೆಳಕು

ಬೆಳಕು ಬೇಕೆಂದರೆ ಲೈಟ್ ಕೊಳ್ಳಲೇಬೇಕೆಂದಿಲ್ಲ. ಇದನ್ನು ದೊಡ್ಡವರೇ ತೋರಿಸಿದ್ದಾರೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ, ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ಚಿತ್ರದ ಛಾಯಾಗ್ರಾಹಕರು. ಅದರಲ್ಲಿ ಕತ್ತಲೆಯ ಸ್ಟುಡಿಯೊದೊಳಗೆ ಬೆಳಕಿನ ಕೋಲೊಂದು ಇಳಿಯುವ ದೃಶ್ಯವಿದೆ. ಆ ಬೆಳಕು ಸ್ಟುಡಿಯೊ ಲೈಟಿನದ್ದಲ್ಲ. ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಮೇಲೆ ಇನ್ನೊಂದು ಕನ್ನಡಿ ಇಟ್ಟು ಬಿಸಿಲನ್ನೇ ಒಳಗೆ ತಿರುಗಿಸಿದರು. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಬಂಗಾಳದ ಸುಬ್ರತ ಮಿತ್ರ, ಸತ್ಯಜಿತ್ ರಾಯ್ ಅವರ 'ಅಪರಾಜಿತೊ' (1956) ಚಿತ್ರಕ್ಕೆ ಕಾಶಿಯ ಮನೆಯ ಅಂಗಳದ ಸೆಟ್ ಹಾಕಿದಾಗ ಮೇಲೆ ಬಿಳಿ ಬಟ್ಟೆ ಕಟ್ಟಿ, ಲೈಟನ್ನು ಅದಕ್ಕೆ ಹೊಡೆದು, ಆಕಾಶದಿಂದ ಇಳಿದಂತಹ ಮೃದು ಬೆಳಕು ತಂದರು.

ಕನ್ನಡಿ ಮತ್ತು ಬಿಳಿ ಬಟ್ಟೆ ನಮ್ಮ ಎಲ್ಲರ ಮನೆಯಲ್ಲಿವೆ. ಕೂರುವವರನ್ನು ಕಿಟಕಿಯ ಪಕ್ಕಕ್ಕೆ, ಒಂದು ಕೆನ್ನೆ ಬೆಳಕಿಗೆ ಬರುವಂತೆ ಕೂರಿಸಿ. ಕತ್ತಲಾದ ಇನ್ನೊಂದು ಕೆನ್ನೆಯ ಕಡೆ ಬಿಳಿ ಥರ್ಮಾಕೋಲ್ ಹಾಳೆಯನ್ನು ಎರಡು ಅಡಿ ದೂರದಲ್ಲಿ ಹಿಡಿಯಿರಿ. ನೆರಳು ತಿಳಿಯಾಗುತ್ತದೆ. ಥರ್ಮಾಕೋಲ್ ಇಲ್ಲದಿದ್ದರೆ ಬಿಳಿ ದುಪಟ್ಟಾ ಸಾಕು. ನಾನಿ ಅಡಿಕೆ ಎಲೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ ಹೀಗೆ ತೆಗೆದ ಫೋಟೊ ಈಗ ನಮ್ಮ ಮನೆಯ ಗೋಡೆಯಲ್ಲಿದೆ. ಅದಕ್ಕೆ ಆದ ಖರ್ಚು ಫೋಟೊ ಪ್ರಿಂಟ್ ಹಾಕಿಸಿದ್ದು ಮಾತ್ರ.

ಆದರೆ ಕಿಟಕಿ ರಾತ್ರಿ ಕೆಲಸ ಮಾಡುವುದಿಲ್ಲ. ಮೆಹಂದಿ ರಾತ್ರಿ, ಇಫ್ತಾರಿನ ಹೊತ್ತು, ಅಡಿಕೆ ಕೊಯ್ಲಿನಲ್ಲಿ ಬಲ್ಬಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರು, ಇವರೆಲ್ಲರ ಫೋಟೊಗೆ ಲೈಟ್ ಬೇಕೇ ಬೇಕು.

ಎಲ್‌ಇಡಿಯೋ, ಫ್ಲ್ಯಾಶೋ?

ಎಲ್‌ಇಡಿ ಪ್ಯಾನೆಲ್ ಉರಿಯುತ್ತಲೇ ಇರುತ್ತದೆ. ನೆರಳು ಎಲ್ಲಿ ಬೀಳುತ್ತದೆ ಎಂದು ಮೊದಲೇ ಕಾಣುತ್ತದೆ, ವಿಡಿಯೊಗೂ ಆಗುತ್ತದೆ. ಫ್ಲ್ಯಾಶ್ ಒಂದು ಕ್ಷಣ ಮಾತ್ರ ಮಿಂಚುತ್ತದೆ, ಆದರೆ ಆ ಕ್ಷಣದಲ್ಲಿ ಬೆಳಕು ತುಂಬಾ ಹೆಚ್ಚು. ಎಷ್ಟು ಹೆಚ್ಚು ಎಂದು ಒಂದು ಲೆಕ್ಕ ನೋಡೋಣ.

ಡಿಎಸ್‌ಎಲ್‌ಆರ್ ಜೊತೆ ಬರುವ ಸಾಮಾನ್ಯ ಲೆನ್ಸ್ ಝೂಮ್ ಮಾಡಿದಾಗ ಎಫ್/5.6ಕ್ಕಿಂತ ತೆರೆಯುವುದಿಲ್ಲ. ಐಎಸ್‌ಒ 400 ಇಟ್ಟುಕೊಳ್ಳೋಣ. 1 ಮೀಟರ್‌ನಲ್ಲಿ 1,000 ಲಕ್ಸ್ ಕೊಡುವ ಸಣ್ಣ ಎಲ್‌ಇಡಿ ಪ್ಯಾನೆಲ್ ಇದೆ ಎನ್ನಿ. 2 ಮೀಟರ್‌ನಲ್ಲಿ ಅದು 250 ಲಕ್ಸ್. ಆಗ ಶಟರ್ ಸುಮಾರು 1/12 ಸೆಕೆಂಡ್ ತೆರೆದಿರಬೇಕು. ನಗುವ ಹುಡುಗಿ ಅಷ್ಟು ಹೊತ್ತು ಅಲುಗಾಡದೆ ಕೂರುವುದಿಲ್ಲ. ಮುಂದೆ ಬಿಳಿ ಬಟ್ಟೆ ಹಾಕಿದರೆ ಬೆಳಕು ಇನ್ನೂ ಅರ್ಧವಾಗುತ್ತದೆ.

ಈಗ ಫ್ಲ್ಯಾಶ್. ಫ್ಲ್ಯಾಶಿನ ಶಕ್ತಿಯನ್ನು 'ಗೈಡ್ ನಂಬರ್' ಎಂದು ಹೇಳುತ್ತಾರೆ. ಐಎಸ್‌ಒ 100ರಲ್ಲಿ ಗೈಡ್ ನಂಬರನ್ನು ದೂರದಿಂದ (ಮೀಟರ್‌ನಲ್ಲಿ) ಭಾಗಿಸಿದರೆ ಇಡಬೇಕಾದ ಎಫ್ ಸಂಖ್ಯೆ ಸಿಗುತ್ತದೆ. ಗೈಡ್ ನಂಬರ್ 30 ಎಂದಿಟ್ಟುಕೊಳ್ಳಿ. ಐಎಸ್‌ಒ 400ಕ್ಕೆ ಏರಿಸಿದರೆ ಅದು ಎರಡರಷ್ಟು, 60. ಬಿಳಿ ಛತ್ರಿಯ ಮೂಲಕ ಹೊಡೆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಹಿಡಿದರೆ ಮತ್ತೆ 30. ಜನ 2 ಮೀಟರ್ ದೂರದಲ್ಲಿದ್ದರೆ 30 ÷ 2 = 15. ನಮಗೆ ಬೇಕಾದದ್ದು 5.6 ಮಾತ್ರ. ಅಂದರೆ ಫ್ಲ್ಯಾಶಿನ ಶಕ್ತಿಯನ್ನು 1/8ಕ್ಕೆ ಇಳಿಸಿದರೂ ಹೆಚ್ಚುಕಡಿಮೆ ಸಾಕಾಗುತ್ತದೆ. ಮಿಂಚು ಅತಿ ಚುರುಕಾದ್ದರಿಂದ ನಗು, ಕೈಬಳೆ ಯಾವುದೂ ಮಸುಕಾಗುವುದಿಲ್ಲ. ಸೆಲ್ ಬೇಗ ಮುಗಿಯುವುದೂ ಇಲ್ಲ.

ಹಾಗಾದರೆ ಎಲ್ಲರೂ ಫ್ಲ್ಯಾಶ್ ಕೊಳ್ಳಬೇಕೇ? ಇಲ್ಲ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲ್. ಕ್ಯಾಮೆರಾಕ್ಕೆ ಹಾಕುವ ಈ ಫ್ಲ್ಯಾಶನ್ನು ಮೊಬೈಲ್‌ನ ಜೊತೆ ಹೊಂದಿಸಿ ಮಿಂಚಿಸುವುದು ಸಾಮಾನ್ಯವಾಗಿ ಆಗದ ಕೆಲಸ. ಆದರೆ ಎಷ್ಟೋ ಮೊಬೈಲ್‌ಗಳ ಲೆನ್ಸ್ ಎಫ್/1.8ರ ಆಸುಪಾಸಿನದು. ಅದು ಎಫ್/5.6ಕ್ಕಿಂತ ಸುಮಾರು ಒಂಬತ್ತು ಹತ್ತು ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಅದೇ ಸಣ್ಣ ಪ್ಯಾನೆಲ್ಲನ್ನು ಬಿಳಿ ಬಟ್ಟೆಯ ಹಿಂದಿಟ್ಟು 1 ಮೀಟರ್‌ಗೆ ತಂದರೆ ಮೊಬೈಲ್‌ಗೆ ಧಾರಾಳ. ಆದ್ದರಿಂದ ಮೊಬೈಲ್ ಇದ್ದವರಿಗೆ ಎಲ್‌ಇಡಿ, ಫ್ಲ್ಯಾಶ್ ಕೂರಿಸುವ ಜಾಗವಿರುವ ಕ್ಯಾಮೆರಾ ಇದ್ದವರಿಗೆ ಫ್ಲ್ಯಾಶ್. ಕಣ್ಣಿನ ಪೊರೆ ತೆಗೆಸಿಕೊಂಡ ಹಿರಿಯರು, ಮಲಗಿದ ಕೂಸು ಇದ್ದರೆ ಕ್ಯಾಮೆರಾ ಯಾವುದಾದರೂ ಮೊದಲು ಕೇಳಿ. ಮಿಂಚು ಬೇಡ ಎಂದರೆ ಬೇಡ.

ಡಬ್ಬಿಯ ಮೇಲಿನ ಸಂಖ್ಯೆ

ವ್ಯವಹಾರ ಅಧ್ಯಯನದಲ್ಲಿ ನಾವು ಓದುವ ಗ್ರಾಹಕ ಜಾಗೃತಿ ಇಲ್ಲಿ ಬೇಕಾಗುತ್ತದೆ. ಡಬ್ಬಿಯ ಮೇಲೆ ಇರುವುದು ಸುಳ್ಳಲ್ಲ, ಆದರೆ ಅರ್ಧ ಮಾತು.

ಫ್ಲ್ಯಾಶ್: ಗೊಡಾಕ್ಸ್ ಟಿಟಿ600 ಎಂಬ, ಬಹಳ ಜನ ಬಳಸುವ ಫ್ಲ್ಯಾಶಿನ ಗೈಡ್ ನಂಬರ್ 60 ಎಂದು ಬರೆದಿರುತ್ತದೆ. ಅದು ಫ್ಲ್ಯಾಶಿನ ಝೂಮನ್ನು 200 ಮಿ.ಮೀ.ಗೆ ಇಟ್ಟು, ಬೆಳಕನ್ನು ಕಿರಿದು ಮಾಡಿದಾಗಿನ ಸಂಖ್ಯೆ. ಇಡೀ ಛತ್ರಿ ತುಂಬುವಂತೆ ಅಗಲ ಮಾಡಿದರೆ ಸಂಖ್ಯೆ ಬಹಳ ಇಳಿಯುತ್ತದೆ. ಅದಕ್ಕೇ ಮೇಲಿನ ಲೆಕ್ಕದಲ್ಲಿ ನಾನು 30 ಹಿಡಿದದ್ದು. ಎರಡು ಫ್ಲ್ಯಾಶ್ ಹೋಲಿಸುವಾಗ ಒಂದೇ ಝೂಮಿನ ಸಂಖ್ಯೆಗಳನ್ನು ಹೋಲಿಸಿ.

ಎಲ್‌ಇಡಿ: ವ್ಯಾಟ್ ಎಂದರೆ ತಿನ್ನುವ ವಿದ್ಯುತ್, ಕೊಡುವ ಬೆಳಕಲ್ಲ. 1 ಮೀಟರ್‌ನಲ್ಲಿ ಎಷ್ಟು ಲಕ್ಸ್ ಎಂದು ಕೇಳಿ. ಸಿಆರ್‌ಐ 95 ಅಥವಾ ಹೆಚ್ಚು ಇದೆಯೇ ನೋಡಿ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದಕ್ಕೆ 100ರಲ್ಲಿ ಕೊಡುವ ಅಂಕ ಅದು. ಆದರೆ ಆ ಅಂಕ ಎಂಟು ತೆಳು ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರುವುದಿಲ್ಲ. ನಮ್ಮ ಚರ್ಮಕ್ಕೆ, ಮೆಹಂದಿಗೆ, ಮದುಮಗಳ ಕೆಂಪು ದುಪಟ್ಟಾಕ್ಕೆ ಬೇಕಾದದ್ದೇ ಕೆಂಪು. ಆದ್ದರಿಂದ ಅಂಗಡಿಯಲ್ಲೇ ನಿಮ್ಮ ಅಂಗೈಯನ್ನು, ಒಂದು ಕೆಂಪು ಬಟ್ಟೆಯನ್ನು ಮೊದಲು ಬಾಗಿಲ ಬೆಳಕಿನಲ್ಲಿ, ಆಮೇಲೆ ಆ ಲೈಟಿನಲ್ಲಿ ಫೋಟೊ ತೆಗೆದು ಎರಡನ್ನೂ ನೋಡಿ. ಕೈ ಹಸಿರು ಅಥವಾ ಬೂದು ತಿರುಗಿದರೆ ಆ ಲೈಟ್ ಬೇಡ.

ಮಿಣುಕು: ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಬಲ್ಬುಗಳು ಅದರ ಜೊತೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಇದು ಫೋಟೊದಲ್ಲಿ ಅಡ್ಡ ಪಟ್ಟಿಯಾಗಿ ಕಾಣುತ್ತದೆ. ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ. ಕೆಲವು ಪ್ಯಾನೆಲ್‌ಗಳು ಬೆಳಕು ಕಡಿಮೆ ಮಾಡಿದಾಗ ಬೇರೆ ವೇಗದಲ್ಲಿ ಮಿಣುಕುತ್ತವೆ. ಅದನ್ನೂ ಮೊಬೈಲ್ ವಿಡಿಯೊದಲ್ಲಿ ಪರೀಕ್ಷಿಸಿ.

ಬ್ಯಾಟರಿ: 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ಅದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ. 10 × 3.7 = 37 ವ್ಯಾಟ್-ಗಂಟೆ. 20 ವ್ಯಾಟಿನ ಪ್ಯಾನೆಲ್ ಅದರಲ್ಲಿ, ನಷ್ಟ ಕಳೆದು, ಒಂದೂವರೆ ಗಂಟೆ ಉರಿದರೆ ದೊಡ್ಡದು. ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂದು ನಿಮಗೇ ಗೊತ್ತು.

ಪುಸ್ತಕದಲ್ಲಿಲ್ಲದ ನಮ್ಮ ಊರಿನ ತೊಡಕುಗಳು

"ಫ್ಲ್ಯಾಶನ್ನು ಬಿಳಿ ಚಾವಣಿಗೆ ಹೊಡೆಯಿರಿ, ಬೆಳಕು ಮೃದುವಾಗಿ ಇಳಿಯುತ್ತದೆ" ಎಂದು ಎಲ್ಲ ಪಾಠಗಳೂ ಹೇಳುತ್ತವೆ. ನಮ್ಮ ಹೆಂಚಿನ ಮನೆಯಲ್ಲಿ ಚಾವಣಿ ಎಲ್ಲಿದೆ? ಮೇಲೆ ಹೊಗೆ ಹಿಡಿದ ರೀಪು, ಕೆಂಪು ಹೆಂಚು. ಹೊಡೆದ ಬೆಳಕನ್ನು ಮಾಡೇ ನುಂಗಿಬಿಡುತ್ತದೆ. ಹಸಿರು ಬಣ್ಣದ ಗೋಡೆಗೆ ಹೊಡೆದರೆ ಮುಖವೂ ಹಸಿರು. ಶಾಮಿಯಾನದ ಕೆಳಗೆ ಹಗಲಲ್ಲೂ ಎಲ್ಲರ ಮುಖದ ಮೇಲೆ ಆ ಬಟ್ಟೆಯ ಕೆಂಪು, ಹಳದಿ ಇಳಿದಿರುತ್ತದೆ. ಆದ್ದರಿಂದ ನಮ್ಮ ಕಡೆ ಬಿಳಿ ಛತ್ರಿ ಶೋಕಿಯ ವಸ್ತುವಲ್ಲ. ಮನೆಯಲ್ಲಿಲ್ಲದ ಬಿಳಿ ಚಾವಣಿಯನ್ನು ನಾವೇ ಹೊತ್ತೊಯ್ಯುವ ದಾರಿ ಅದು.

ಹೊರಗೆ ಗಾಳಿ ಇದ್ದರೆ ಛತ್ರಿ ಕಟ್ಟಿದ ಸ್ಟ್ಯಾಂಡ್ ಗಾಳಿಪಟವಾಗುತ್ತದೆ. ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ನೇತುಹಾಕಿ, ಇಲ್ಲವೇ ಒಬ್ಬರನ್ನು ಹಿಡಿದುಕೊಳ್ಳಲು ನಿಲ್ಲಿಸಿ. ಬಿಸಿಲಲ್ಲಿ ಫ್ಲ್ಯಾಶ್ ಬಳಸುವಾಗ ಶಟರ್ ವೇಗ ಕ್ಯಾಮೆರಾದ ಮಿತಿ ದಾಟಬಾರದು. ಅದು ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ 1/200ರ ಆಸುಪಾಸು. ದಾಟಿದರೆ ಫೋಟೊದ ಒಂದು ಕಡೆ ಕಪ್ಪು ಪಟ್ಟಿ ಬರುತ್ತದೆ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಅವು ಸೋರಿ ಫ್ಲ್ಯಾಶನ್ನೇ ತಿನ್ನುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿಡಿ. ಇಕ್ಕೇರಿಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್, ಲೈಟ್ ಬಿಚ್ಚುವ ಮೊದಲು ಅಲ್ಲಿನ ಸಿಬ್ಬಂದಿಯ ಅನುಮತಿ ಕೇಳುವುದು ಸರಿ.

ಕೊಳ್ಳುವುದೋ, ಬಾಡಿಗೆಯೋ?

ಇದು ನಮ್ಮ ವಿಭಾಗದ ಪಾಠ. ಬೆಲೆ ದಿನಕ್ಕೊಂದು, ಆದ್ದರಿಂದ ದುಂಡು ಸಂಖ್ಯೆ ಹಾಕಿದ್ದೇನೆ. ನೀವು ನಿಮ್ಮ ಸಂಖ್ಯೆ ಹಾಕಿಕೊಳ್ಳಿ.

ಮ್ಯಾನ್ಯುಯಲ್ ಫ್ಲ್ಯಾಶ್ 5,000, ಅದನ್ನು ದೂರದಿಂದ ಮಿಂಚಿಸುವ ಟ್ರಿಗರ್ 1,500, ಸ್ಟ್ಯಾಂಡ್ ಮತ್ತು ಬಿಳಿ ಛತ್ರಿ 1,500, ಮತ್ತೆ ಮತ್ತೆ ಚಾರ್ಜ್ ಮಾಡುವ ನಾಲ್ಕು ಸೆಲ್ ಮತ್ತು ಚಾರ್ಜರ್ 1,000. ಒಟ್ಟು 9,000 ರೂಪಾಯಿ. 4 ವರ್ಷ ಬಾಳುತ್ತದೆ, ಕೊನೆಗೆ 1,000ಕ್ಕೆ ಮಾರಬಹುದು ಎಂದಿಟ್ಟುಕೊಳ್ಳಿ. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷದ ಸವಕಳಿ (9,000 − 1,000) ÷ 4 = 2,000 ರೂಪಾಯಿ. ವರ್ಷಕ್ಕೆ 8 ಕಾರ್ಯಕ್ರಮ ಇದ್ದರೆ ಒಂದಕ್ಕೆ 250. ಎರಡೇ ಇದ್ದರೆ ಒಂದಕ್ಕೆ 1,000. ಇದೇ ಸಾಮಾನು ದಿನಕ್ಕೆ 500ರಂತೆ ಬಾಡಿಗೆಗೆ ಸಿಕ್ಕಿದರೆ, 2,000 ÷ 500 = 4. ವರ್ಷಕ್ಕೆ ನಾಲ್ಕು ಕಾರ್ಯಕ್ರಮಕ್ಕಿಂತ ಕಡಿಮೆ ಇದ್ದವರು ಕೊಳ್ಳಬಾರದು. ನಾಲ್ಕು ದಾಟಿದವರು ಕೊಳ್ಳಬಹುದು. ಒಂದೇ ಮದುವೆಗಾಗಿ ಲೈಟ್ ಕೊಂಡರೆ ಅದು ಕಪಾಟಿನಲ್ಲಿ ಮಲಗಿದ ಬಂಡವಾಳ.

ನನ್ನ ಹತ್ತಿರ ಇರುವುದು 6,000, ಬೇಕಾದದ್ದು 9,000. ನಾವು ಮೂವರು ಗೆಳತಿಯರು ತಲಾ 3,000 ಹಾಕುವುದೆಂದು ಮಾತಾಡಿಕೊಂಡಿದ್ದೇವೆ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ 18 ತುಂಬದವರು ಪೂರ್ಣ ಪಾಲುದಾರರಾಗುವಂತಿಲ್ಲ ಎಂದು ನಮಗೆ ಗೊತ್ತಿದೆ, ಆದ್ದರಿಂದ ನಗಬೇಡಿ. ಇದನ್ನು ಕೂಡು ಖರೀದಿ ಎನ್ನೋಣ. ಆದರೂ ಒಪ್ಪಂದ ಪತ್ರದ ಪಾಠ ಮರೆತಿಲ್ಲ: ಸಾಮಾನು ಯಾರ ಮನೆಯಲ್ಲಿರಬೇಕು, ಕೆಟ್ಟರೆ ಯಾರು ಕೊಡಬೇಕು, ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಅವಳ ಪಾಲು ಎಷ್ಟು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಮೂವರ ಅಮ್ಮಿಯರಿಗೂ ಓದಿ ಹೇಳಿದ್ದೇವೆ.

ಫೋಟೊ ಒಂದು ಅಮಾನತ್

ಒಳ್ಳೆಯ ಬೆಳಕು ಬಂದರೆ ಮುಖ ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಕಾಣುವುದು ಆ ಮುಖದವರಿಗೆ ಒಪ್ಪಿಗೆಯೇ ಎಂದು ಮೊದಲು ಕೇಳಬೇಕು. ಹೆಂಗಸರ ಕಡೆಯ ಫೋಟೊವನ್ನು ಸ್ಟೇಟಸ್‌ಗೆ ಹಾಕುವುದಿಲ್ಲ, ಗ್ರೂಪಿಗೆ ಕಳಿಸುವುದಿಲ್ಲ, ಮನೆಯವರಿಗೆ ಕೊಟ್ಟ ಮೇಲೆ ಕಾರ್ಡಿನಿಂದ ಅಳಿಸುತ್ತೇನೆ ಎಂದು ನಾನು ಮೊದಲೇ ಹೇಳುತ್ತೇನೆ. ಹೇಳಿದಂತೆ ನಡೆದುಕೊಂಡದ್ದಕ್ಕೇ ಮುಂದಿನ ಮನೆಯವರು ಕರೆಯುತ್ತಾರೆ. ಯಾವ ಲೈಟೂ ಕೊಡದ ಬಂಡವಾಳ ಇದು.

ಕೊನೆಗೆ ಎಲ್ಲವನ್ನೂ ಕೂಡಿಸಿ ಒಂದು ಕ್ರಮ ಹೇಳುತ್ತೇನೆ. ಮೊದಲು ಕಿಟಕಿ ಮತ್ತು ಥರ್ಮಾಕೋಲ್ ಹಿಡಿದು ಹತ್ತು ಜನರ ಫೋಟೊ ತೆಗೆಯಿರಿ. ಆಮೇಲೆ ಲೈಟನ್ನು ಯಾರಿಂದಾದರೂ ಕೇಳಿ ತಂದೋ, ಬಾಡಿಗೆಗೆ ತಂದೋ ಒಂದು ಕಾರ್ಯಕ್ರಮ ಮಾಡಿ. ವರ್ಷಕ್ಕೆ ಎಷ್ಟು ಸಲ ಬೇಕು ಎಂದು ಎಣಿಸಿ. ನಾಲ್ಕು ದಾಟಿದರೆ ಒಂದೇ ಒಂದು ಲೈಟ್ ಕೊಳ್ಳಿ, ಅದರ ಜೊತೆ ಅದನ್ನು ದೊಡ್ಡದು ಮಾಡುವ ಬಿಳಿ ಛತ್ರಿಯನ್ನು ಬಿಡಬೇಡಿ. ಬಿಲ್ ತೆಗೆದುಕೊಳ್ಳಿ, ಗ್ಯಾರಂಟಿ ಕಾರ್ಡಿಗೆ ಮುದ್ರೆ ಹಾಕಿಸಿ. ಎರಡನೇ ಲೈಟಿನ ಯೋಚನೆ ಮೊದಲನೆಯದು ತನ್ನ ಬೆಲೆ ದುಡಿದ ಮೇಲೆ.

ಈ ವಾರವೇ ನಿಮ್ಮ ಮನೆಯ ಹಿರಿಯರನ್ನು ಕಿಟಕಿಯ ಪಕ್ಕ ಕೂರಿಸಿ. ಬಿಳಿ ದುಪಟ್ಟಾ ಹಿಡಿಯಲು ತಂಗಿಯನ್ನೋ ತಮ್ಮನನ್ನೋ ಕರೆಯಿರಿ. ಅದಕ್ಕೆ ಬಂಡವಾಳ ಬೇಡ.